ಪಿ.ಡಿ. ಸರ್‌ಗೂ ಒಂದಿಷ್ಟು ಕಾಲ ಕೊಡಿ

ಹಾಸನದಿಂದ ಅಕ್ಕ ಫೋನ್ ಮಾಡಿದ್ದಳು. ಮಗ ಬ್ಯಾಸ್ಕೆಟ್‌ಬಾಲ್ ಬಿಟ್ಟನಂತೆ. ಬಿಟ್ಟ ಅನ್ನುವುದಕ್ಕಿಂತ ಬಿಡಿಸಿದರು. ಸೆಕೆಂಡ್ ಪಿಯು ಅಲ್ವಾ, ಸಿಇಟಿ, ನೀಟ್ ಎಲ್ಲ ಇದೆಯಲ್ಲ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದ ಹುಡುಗ. "ಪಿ.ಡಿ. ಸರ್ ಏನೂ ಹೇಳಲಿಲ್ವಾ?" ಅಂದೆ. ಪಿ.ಡಿ. ಅಂದರೆ ಫಿಸಿಕಲ್ ಡೈರೆಕ್ಟರ್, ಕಾಲೇಜಿನ ಆಟದ ಮೇಷ್ಟ್ರು. "ಅವರ ಮಾತು ಯಾರು ಕೇಳ್ತಾರೋ" ಅಂದಳು. ಹುಡುಗ ಆಟ ಬಿಟ್ಟಿದ್ದಕ್ಕಿಂತ ಆ ಮಾತೇ ನನಗೆ ಜಾಸ್ತಿ ಚುಚ್ಚಿತು. ಒಬ್ಬ ಮೇಷ್ಟ್ರ ಮಾತಿಗೆ ಬೆಲೆ ಇಲ್ಲ ಅನ್ನುವುದು ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ!

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಕಾರಿನಲ್ಲಿ ಅರ್ಧ ಗಂಟೆ ಹೋದರೆ ಚಾಪೆಲ್ ಹಿಲ್. ಅಲ್ಲಿನ ಯೂನಿವರ್ಸಿಟಿಯಲ್ಲಿ ಡೀನ್ ಸ್ಮಿತ್ ಅಂತ ಬ್ಯಾಸ್ಕೆಟ್‌ಬಾಲ್ ಕೋಚ್ ಇದ್ದರು. ಹೆಡ್ ಕೋಚ್ ಆಗಿ 36 ವರ್ಷ ಒಂದೇ ಕಡೆ, 879 ಗೆಲುವು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ತಂದುಕೊಟ್ಟ ತಂಡಕ್ಕೂ ಅವರೇ ಕೋಚ್. ಮೈಕಲ್ ಜೋರ್ಡನ್ ಕಾಲೇಜಿನಲ್ಲಿ ಆಡಿದ್ದು ಇವರ ಕೈಕೆಳಗೆ. ಈ ಕಡೆ ಯಾವ ಆಫೀಸಿಗೆ ಹೋದರೂ, ಬ್ಯಾಸ್ಕೆಟ್‌ಬಾಲ್ ಮಾತು ಎದ್ದರೆ ಸ್ವಲ್ಪ ಹೊತ್ತಿಗೆ ಡೀನ್ ಸ್ಮಿತ್ ಹೆಸರು ಬಂದೇ ಬರುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಗೆಲುವಲ್ಲ, ಶುರುವಿನ ಸೋಲು. 1961ರಲ್ಲಿ ಹೆಡ್ ಕೋಚ್ ಆದಾಗ ಅವರಿಗೆ 30 ವರ್ಷ. ಮೊದಲ ಸೀಸನ್‌ನಲ್ಲಿ 8 ಗೆಲುವು, 9 ಸೋಲು. 1965ರ ಜನವರಿಯಲ್ಲಿ ವೇಕ್ ಫಾರೆಸ್ಟ್ ಯೂನಿವರ್ಸಿಟಿ ಎದುರು ಸೋತು ತಂಡದ ಬಸ್ಸು ವಾಪಸ್ ಬಂದಾಗ, ವಿದ್ಯಾರ್ಥಿಗಳು ಸ್ಮಿತ್ ಅವರ ಪ್ರತಿಕೃತಿ ಮಾಡಿ ನೇಣು ಹಾಕಿದ್ದರು. ಬಿಲ್ಲಿ ಕನಿಂಗ್‌ಹ್ಯಾಮ್ ಅನ್ನುವ ಆಟಗಾರ ಬಸ್ಸಿನಿಂದ ಇಳಿದು ಹೋಗಿ ಅದನ್ನು ಕಿತ್ತುಹಾಕಿದ. ಅಷ್ಟಾದರೂ ಯೂನಿವರ್ಸಿಟಿ ಕೋಚನ್ನು ಬದಲಿಸಲಿಲ್ಲ. ಎರಡು ವರ್ಷದಲ್ಲಿ ತಂಡ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿತ್ತು. ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಸಿಕ್ಕಿದ್ದು 1982ರಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾದರು! ಕಾದದ್ದಕ್ಕೆ ಆ ಮನುಷ್ಯ ಕಲಿಸಿದ್ದು ಆಟ ಮಾತ್ರ ಅಲ್ಲ. ದಕ್ಷಿಣದಲ್ಲಿ ಇನ್ನೂ ಬಿಳಿಯರ ತಂಡಗಳೇ ಇದ್ದ ಕಾಲದಲ್ಲಿ ಚಾರ್ಲಿ ಸ್ಕಾಟ್ ಅನ್ನುವ ಕಪ್ಪು ಹುಡುಗನಿಗೆ ಸ್ಕಾಲರ್‌ಶಿಪ್ ಕೊಟ್ಟು ಕರೆತಂದರು.

ಅವರು ಮಾಡಿದ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಬಾಸ್ಕೆಟ್ ಹಾಕಿದವನು ಕೈ ಎತ್ತಿ ಮೆರೆಯುವಂತಿಲ್ಲ. ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು. ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಹತ್ತು ವರ್ಷದ ಮಕ್ಕಳು ಇವತ್ತಿಗೂ ಹಾಗೇ ಮಾಡುತ್ತವೆ. ಬಾಲ್ ಒಳಗೆ ಬಿದ್ದ ತಕ್ಷಣ, ಹಿಂದೆ ಓಡುತ್ತಲೇ, ಗೆಳೆಯನ ಕಡೆ ಬೆರಳು. ಎಂದೂ ಕಣ್ಣಲ್ಲಿ ನೋಡದ ಒಬ್ಬ ಕಾಲೇಜು ಮೇಷ್ಟ್ರ ಪಾಠ ಆ ಮಕ್ಕಳ ಮೈಯಲ್ಲಿದೆ.

2015ರಲ್ಲಿ ಸ್ಮಿತ್ ತೀರಿಕೊಂಡರು. ಸ್ವಲ್ಪ ದಿನಕ್ಕೆ ಹಳೆಯ ಶಿಷ್ಯರ ಮನೆಗೆ ಒಂದೊಂದು ಕವರ್ ಬಂತು. ಒಳಗೆ 200 ಡಾಲರ್ ಚೆಕ್. ಕೋಚ್ ಲೆಕ್ಕದಲ್ಲಿ ಹೊರಗೆ ಹೋಗಿ ಊಟ ಮಾಡಿ ಅಂತ ಉಯಿಲಿನಲ್ಲಿ ಬರೆಸಿಟ್ಟಿದ್ದರು. ಸುಮಾರು 180 ಜನಕ್ಕೆ. ಜೋರ್ಡನ್‌ಗೂ ಅಷ್ಟೇ, ಬೆಂಚಿನ ಮೇಲೆ ಕೂತು ಕಾಲೇಜು ಮುಗಿಸಿದವನಿಗೂ ಅಷ್ಟೇ.

ಈಗ ನಮ್ಮ ಪಿ.ಡಿ. ಸರ್ ನೆನಪಾಗುತ್ತಾರೆ. ಆಗಸ್ಟ್ 15 ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಅವರು. ಕಾಲೇಜ್ ಡೇ ದಿನ ಗಲಾಟೆ ಮಾಡುವವರನ್ನು ಹಿಡಿಯುವುದು ಅವರು. ಪರೀಕ್ಷೆ ಡ್ಯೂಟಿ, ಎಲೆಕ್ಷನ್ ಡ್ಯೂಟಿ, ಶಾಮಿಯಾನ, ಮೈಕ್‌ಸೆಟ್ಟು, ಎಲ್ಲಕ್ಕೂ ಅವರೇ. ಅವರ ಪೀರಿಯಡ್ ಮಾತ್ರ ಗಣಿತದವರಿಗೆ. ಸ್ಪೋರ್ಟ್ಸ್ ರೂಮಿನಲ್ಲಿ ಗಾಳಿ ಇಲ್ಲದ ಮೂರು ಬಾಲು, ಒಂದು ಪಂಪು. ಆ ಪಂಪಿನ ಸೂಜಿಯನ್ನು ಕಾಗದದಲ್ಲಿ ಸುತ್ತಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು, ಕಳೆದರೆ ಇನ್ನೊಂದು ಕೊಡಿಸುವವರಿಲ್ಲ ಅಂತ. ಇಂಥವರನ್ನು ವರ್ಷಗಟ್ಟಲೆ ನೋಡಿಯೂ ನಮ್ಮವರು 'ಬರೀ ಪಿ.ಟಿ. ಮೇಷ್ಟ್ರು' ಅಂತಾರಲ್ಲ, ಅದು ನನಗೆ ಸಹಿಸುವುದಿಲ್ಲ. ತಂಡ ಗೆದ್ದರೆ ಫೋಟೋದಲ್ಲಿ ಮಧ್ಯ ಕೂರುವುದು ಆಡಳಿತ ಮಂಡಳಿಯವರು. ಬೆರಳು ತೋರಿಸಬೇಕಾದ ಕಡೆ ಯಾರೂ ತೋರಿಸುವುದಿಲ್ಲ.

ಇಲ್ಲಿಯದು ಎಲ್ಲ ಸರಿ ಅಂತ ಹೇಳಲಾರೆ. ಇಲ್ಲಿನ ತಾಳ್ಮೆ ಈಗ ಕಡಿಮೆಯಾಗಿದೆ, ಎರಡು ಮೂರು ಸೀಸನ್ ಸೋತರೆ ಕೋಚ್ ಮನೆಗೆ. ಹಣವಂತೂ ವಿಪರೀತ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ದೊಡ್ಡ ಸಂಬಳ ಕಾಲೇಜು ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್‌ನದು. ಅದೇ ಚಾಪೆಲ್ ಹಿಲ್‌ನಲ್ಲಿ, 18 ವರ್ಷ, ಪಾಠವೇ ನಡೆಯದ ಕ್ಲಾಸುಗಳಿದ್ದವು ಅಂತ 2014ರ ತನಿಖೆ ಹೇಳಿತು. ಸುಮಾರು 3,100 ವಿದ್ಯಾರ್ಥಿಗಳು, ಹತ್ತಿರಹತ್ತಿರ ಅರ್ಧ ಜನ ಆಟಗಾರರು. ಮಗನ ಓದು ಹಾಳಾಗುತ್ತದೆ ಅನ್ನುವ ಅಕ್ಕನ ಹೆದರಿಕೆ ಸುಳ್ಳಲ್ಲ. ನಮ್ಮಲ್ಲೂ ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತಾರೆ, ಅದನ್ನೂ ಒಪ್ಪುತ್ತೇನೆ.

ಆದರೂ ನಮ್ಮ ಕಾಲೇಜುಗಳನ್ನು ನಾನು ಕೇಳುವುದು ಕೋಟಿ ಸಂಬಳವನ್ನಲ್ಲ. ಟೂರ್ನಮೆಂಟ್‌ಗೆ ಹೋದ ದಿನಕ್ಕೆ ಹಾಜರಿ ಕೊಡಿ. ಸಂಜೆಯ ಒಂದು ಗಂಟೆಯನ್ನು ಕೋಚಿಂಗ್ ಕ್ಲಾಸಿಗೆ ಬಿಟ್ಟುಕೊಡಬೇಡಿ. ಖಾಲಿ ಇರುವ ಪಿ.ಡಿ. ಹುದ್ದೆಗೆ ಖಾಯಂ ಆಗಿ ಒಬ್ಬರನ್ನು ತನ್ನಿ, ತಂದಮೇಲೆ ನಾಲ್ಕು ವರ್ಷ ಸೋತರೂ ಅವರ ಜೊತೆ ನಿಲ್ಲಿ.