ಎಲ್ಲ ಆರೋಪಿಗಳಿಗೂ ಒಬ್ಬರೇ ವಕೀಲರಾದರೆ?

ಒಂದು ಕೇಸಿನಲ್ಲಿ ಒಬ್ಬರ ಪರ ಕೆಲಸ ಮಾಡಿದ ವಕೀಲರು ಅದೇ ಕೇಸಿನಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ ಎನ್ನುವ ಭಾರತೀಯ ವಕೀಲರ ಪರಿಷತ್ತಿನ 33ನೇ ನಿಯಮವನ್ನು ಈಚೆಗೆ ಓದಿದ ಲೇಖನವೊಂದು ಚೆನ್ನಾಗಿ ವಿವರಿಸಿದೆ. ಆದರೆ ಕ್ರಿಮಿನಲ್ ಕೋರ್ಟಿನಲ್ಲಿ ನಿಜವಾದ ತೊಡಕಿರುವುದು ಒಂದೇ ಪಕ್ಷದೊಳಗೆ. ಒಂದನೇ ಆರೋಪಿಯಿಂದ (ಎ1) ಐದನೇ ಆರೋಪಿಯವರೆಗೆ (ಎ5) ಎಲ್ಲರಿಗೂ ಒಬ್ಬರೇ ವಕೀಲರು, ಫೀಸು ಕೊಡುವವನು ಎ1. ಜಾಮೀನು ಸಿಗುವವರೆಗೆ ತೊಂದರೆ ಕಾಣುವುದಿಲ್ಲ. ಆಮೇಲೆ? ‘ನಾನು ಗಾಡಿ ಓಡಿಸಿದ್ದಷ್ಟೇ, ಹೊಡೆದವನು ಎ1’ ಎಂಬುದೇ ಎ4ಗೆ ಉಳಿದಿರುವ ಏಕೈಕ ವಾದವಾಗಿದ್ದರೆ ಅದನ್ನು ಕೋರ್ಟಿಗೆ ಹೇಳುವವರು ಯಾರು? ಮಾಫಿ ಸಾಕ್ಷಿಯಾಗುವ, ಅಂದರೆ ನಡೆದದ್ದನ್ನೆಲ್ಲ ಹೇಳಿ ಉಳಿದವರ ವಿರುದ್ಧ ಸಾಕ್ಷಿ ನುಡಿದು ಕ್ಷಮೆ ಪಡೆಯುವ ದಾರಿಯಿದೆ ಎಂದು ಆ ವಕೀಲರು ಅವನಿಗೆ ಸಲಹೆಯನ್ನಾದರೂ ಕೊಡಬಲ್ಲರೇ? ಎ1 ಹೇಳಿದ ಗುಟ್ಟು ಅವರ ಬಾಯಿ ಕಟ್ಟಿರುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲೇ ಹಾಲೋವೇ ಪ್ರಕರಣದಲ್ಲಿ ಇದನ್ನು ಎದುರಿಸಿತು. ಮೂವರು ಆರೋಪಿಗಳಿಗೆ ಸರ್ಕಾರ ಕೊಟ್ಟ ವಕೀಲರು ಒಬ್ಬರೇ. ಮೂವರ ಗುಟ್ಟೂ ತಮ್ಮ ಬಳಿ ಇರುವುದರಿಂದ ಒಬ್ಬರ ಪರವಾಗಿ ಇನ್ನೊಬ್ಬರಿಗೆ ಪಾಟೀಸವಾಲು ಮಾಡಲಾರೆ, ಬೇರೆ ವಕೀಲರನ್ನು ಕೊಡಿ ಎಂದು ಅವರೇ ಕೇಳಿಕೊಂಡರೂ ವಿಚಾರಣಾ ನ್ಯಾಯಾಧೀಶರು ಒಪ್ಪಲಿಲ್ಲ. ಕೊನೆಗೆ ಶಿಕ್ಷೆಯೇ ರದ್ದಾಯಿತು.

ನಮ್ಮಲ್ಲೂ ಆರೋಪ ಹೊರಿಸುವ ದಿನ ನ್ಯಾಯಾಧೀಶರು ಪ್ರತಿ ಆರೋಪಿಯನ್ನೂ ಬೇರೆಬೇರೆಯಾಗಿ ಕರೆದು, ಬೇರೆ ವಕೀಲರು ಬೇಕೇ ಎಂದು ಕೇಳುವಂತಾಗಬೇಕು. ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರ ಇದ್ದೇ ಇದೆ.