ಗಾಮಾ ಸ್ಫೋಟದ ಸುದ್ದಿ ಬಂದಾಗಲೆಲ್ಲ ಟೆಲಿಸ್ಕೋಪ್ ತಿರುಗಿಸಬೇಕೇ?

ಟೆಲಿಸ್ಕೋಪ್ ಇರುವುದು ಲಡಾಖ್‌ನ ಹಾನ್ಲೆಯಲ್ಲಿ: ಸುಮಾರು 4,270 ಮೀಟರ್ ಎತ್ತರದಲ್ಲಿ, 21 ಮೀಟರ್ ಅಗಲದ, ಗಾಮಾ ಕಿರಣ ಹಿಡಿಯುವ ನಮ್ಮ ಮೇಸ್. ಗಾಮಾ ಸ್ಫೋಟ ಅಂದರೆ ದೂರದ ಗೆಲಾಕ್ಸಿಗಳಲ್ಲಿ ಸ್ವಲ್ಪ ಹೊತ್ತು ಮಿಂಚುವ ಗಾಮಾ ಕಿರಣಗಳ ಭಾರೀ ಸಿಡಿತ. ವಾದ ಮಾತ್ರ ಉಡುಪಿಯದ್ದು. ಮಳೆಗಾಲದಲ್ಲಿ ಇಲ್ಲಿ ಆಕಾಶವೇ ಕಾಣುವುದಿಲ್ಲ, ಮತ್ತೇನು ಮಾಡುವುದು?

ಪರ

2019ರ ಜನವರಿ 14ರಂದು ಉಪಗ್ರಹಗಳಿಂದ ಸುದ್ದಿ ಬಂತು. ಕ್ಯಾನರಿ ದ್ವೀಪದ ಮ್ಯಾಜಿಕ್ ಟೆಲಿಸ್ಕೋಪುಗಳು ಇದ್ದ ಕೆಲಸ ಬಿಟ್ಟು ತಿರುಗಿದವು. ಸ್ಫೋಟವಾಗಿ ಸುಮಾರು ಒಂದು ನಿಮಿಷಕ್ಕೆಲ್ಲ ನೋಡತೊಡಗಿದವು. ಸಿಕ್ಕಿದ್ದು ಟೆರಾ ಎಲೆಕ್ಟ್ರಾನ್‌ ವೋಲ್ಟ್ ಮಟ್ಟದ ಬೆಳಕು, ಅಂದರೆ ಕಣ್ಣಿಗೆ ಕಾಣುವ ಬೆಳಕಿಗಿಂತ ಹತ್ತಾರು ಸಾವಿರ ಕೋಟಿ ಪಟ್ಟು ಶಕ್ತಿಯದ್ದು. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳಿಂದ ನೇರವಾಗಿ ಇಷ್ಟು ಶಕ್ತಿಯ ಬೆಳಕು ಬರುವುದು ಕಷ್ಟ. ತಾವೇ ಹೊರಬಿಟ್ಟ ಬೆಳಕಿಗೆ ಅವು ಮತ್ತೆ ಗುದ್ದಿ ಅದರ ಶಕ್ತಿ ಏರಿಸುತ್ತವೆ ಎಂಬ ಲೆಕ್ಕಾಚಾರಕ್ಕೆ ಆ ರಾತ್ರಿ ಬಲ ಬಂತು. ಹತ್ತು ನಿಮಿಷ ತಡವಾಗಿದ್ದರೆ? ಬೆಳಕು ಬೇಗ ಬೇಗ ಮಂಕಾಗುತ್ತಿತ್ತು.

ನಮಗೂ ಇದು ಹೊಸ ಆಸೆಯಲ್ಲ. ನಮ್ಮ ಅದಮಾರಿನ ಯು. ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1992ರಲ್ಲಿ ಹಾರಿದ ಸ್ರಾಸ್‌-ಸಿ ಉಪಗ್ರಹದಲ್ಲೇ ಗಾಮಾ ಸ್ಫೋಟ ಹಿಡಿಯುವ ಉಪಕರಣ ಇತ್ತು.

ವಿರೋಧ

ಮ್ಯಾಜಿಕ್ ಗೆದ್ದ ಕಥೆ ಹೇಳುವವರು ಅದಕ್ಕೆ ಮೊದಲಿನ ಸುಮಾರು 15 ವರ್ಷಗಳ ಬರಿಗೈ ಕಥೆ ಹೇಳುವುದಿಲ್ಲ, ಅಲ್ವಾ? ತೊಂದರೆ ಸ್ಫೋಟಗಳ ದೂರದ್ದು. ಈ ಬೆಳಕು ಬರುವ ದಾರಿಯಲ್ಲಿ, ನಕ್ಷತ್ರಗಳು ಚೆಲ್ಲಿದ ಮಾಮೂಲಿ ಬೆಳಕಿಗೆ ಡಿಕ್ಕಿ ಹೊಡೆದು ಎಲೆಕ್ಟ್ರಾನ್‌-ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಜೋಡಿಯಾಗಿಬಿಡುತ್ತದೆ. ಹೆಚ್ಚಿನ ಸ್ಫೋಟಗಳು ಆ ಬೆಳಕು ನಮ್ಮವರೆಗೆ ಬರಲಾಗದಷ್ಟು ದೂರದವೇ. ಮಲ್ಪೆಯ ಬೋಟಿನವರೂ ಹೊರಡುವ ಮೊದಲು ಡೀಸೆಲ್ ಲೆಕ್ಕ ಹಾಕುತ್ತಾರೆ.

ಮೇಸ್‌ನ ಡೀಸೆಲ್ ಅಂದರೆ ಕತ್ತಲು. ಗಾಮಾ ಕಿರಣ ನಮ್ಮ ಗಾಳಿಯಲ್ಲಿ ಎಬ್ಬಿಸುವ ನೀಲಿ ಮಿಂಚು ಕೆಲವೇ ನ್ಯಾನೋಸೆಕೆಂಡಿನದ್ದು, ಬೆಳದಿಂಗಳಲ್ಲಿ ಅದನ್ನು ಹಿಡಿಯುವುದು ಕಷ್ಟ. 2022ರ ಅಕ್ಟೋಬರ್ 9ರ ಭಾರೀ ಸ್ಫೋಟ ನಡೆದದ್ದು ಹುಣ್ಣಿಮೆಯಂದು. ನಮೀಬಿಯಾದ ಹೆಸ್ ಟೆಲಿಸ್ಕೋಪುಗಳು ನೋಡಲು ಶುರು ಮಾಡುವಾಗ ಎರಡು ದಿನ ದಾಟಿತ್ತು, ಏನೂ ಸಿಗಲಿಲ್ಲ. ಸಿಕ್ಕಿದ್ದು ಚೀನಾದ ಲಾಸೋ ವೀಕ್ಷಣಾಲಯಕ್ಕೆ, 64,000ಕ್ಕೂ ಜಾಸ್ತಿ ಫೋಟಾನ್ (ಬೆಳಕಿನ ಕಣ). ಅದು ಯಾವ ಸುದ್ದಿಗೂ ತಿರುಗಲಿಲ್ಲ. ಹಗಲು ರಾತ್ರಿ ತನ್ನ ಮೇಲಿನ ಆಕಾಶವನ್ನು ಸುಮ್ನೆ ನೋಡುತ್ತಿತ್ತು, ಅಷ್ಟೆ. (ಒಂದು ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಹಿಡಿದು. ಪರದವರು ಇದನ್ನು ಎತ್ತಿಯೇ ಎತ್ತುತ್ತಾರೆ.)

ಓಡಲೇಬಾರದು ಎಂದಲ್ಲ. ಮೊದಲು ದೂರ ತಿಳಿಯಲಿ. 2019ರ ಆಗಸ್ಟ್ 29ರ ಸ್ಫೋಟ ಹತ್ತಿರದ್ದು. ಹೆಸ್ ಕೆಲವು ಗಂಟೆ ತಡವಾಗಿ ಶುರು ಮಾಡಿದರೂ ಮೂರು ರಾತ್ರಿ ಅದರ ಬೆಳಕು ಸಿಕ್ಕಿತು.