ಸ್ಪಷ್ಟನೆ: 1908ರ ಆ ಪ್ರಯೋಗ ಆಟಗಾರರ ಮೇಲಲ್ಲ, ಇಲಿಗಳ ಮೇಲೆ

ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಟೂರ್ನಿ ಹತ್ತಿರ ಬಂತೆಂದರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. "ಒತ್ತಡ ಜಾಸ್ತಿ ಆದಷ್ಟೂ ಆಟ ಚೆನ್ನಾಗಿ ಬರುತ್ತದೆ ಅಂತ 1908ರಲ್ಲೇ ಆಟಗಾರರ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಒತ್ತಡದಲ್ಲಿ ಎಡವಿದವನಿಗೆ ಗುಂಡಿಗೆ ಇಲ್ಲ." ಎರಡು ಮಾತೂ ಸರಿಯಲ್ಲ. (ನನಗೆ ಕಳಿಸಿದ್ದು ನಮ್ಮ ಮಾವ. ಅವರು ಹಾಕಿ ಸ್ಟಿಕ್ ಹಿಡಿದದ್ದನ್ನು ನಾನಂತೂ ನೋಡಿಲ್ಲ.)

1908ರದ್ದು ಮನಶ್ಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ ಮಾಡಿದ ಪ್ರಯೋಗ. ಅದರಲ್ಲಿ ಇದ್ದದ್ದು ಇಲಿಗಳು. ಒಂದು ಬಿಳಿ ಪೆಟ್ಟಿಗೆ, ಒಂದು ಕಪ್ಪು ಪೆಟ್ಟಿಗೆ. ತಪ್ಪಾದದ್ದಕ್ಕೆ ನುಗ್ಗಿದರೆ ಕರೆಂಟ್ ಶಾಕ್. ಎರಡು ಪೆಟ್ಟಿಗೆಗಳ ವ್ಯತ್ಯಾಸ ಎದ್ದು ಕಾಣುತ್ತಿದ್ದಾಗ ಶಾಕ್ ಹೆಚ್ಚಿಸಿದಷ್ಟೂ ಬೇಗ ಕಲಿತವು. ಗುರುತಿಸುವುದು ಕಷ್ಟವಾದಾಗ ಮಾತ್ರ ಜೋರು ಶಾಕ್ ಕೈಕೊಟ್ಟಿತು, ಮಧ್ಯಮದ್ದೇ ಮೇಲಾಯಿತು. ಸಂದೇಶದವರು ಮೊದಲರ್ಧ ಓದಿ ಬಿಟ್ಟಿರಬೇಕು.

ಇನ್ನು ಗುಂಡಿಗೆಯ ವಿಷಯ. ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬನೇ ಎದುರಿಗಿರುವ ಹೊಡೆತ) ಹೊಡೆಯುವುದು ಗೋಲ್ ಗೆರೆಯಿಂದ 6.4 ಮೀಟರ್ ದೂರದಲ್ಲಿ. ಅಭ್ಯಾಸದಲ್ಲಿ ಹುಡುಗ ಮಾತಾಡುತ್ತಲೇ ಹೊಡೆಯುತ್ತಾನೆ. ಪಂದ್ಯದ ದಿನ ಗ್ಯಾಲರಿಯಲ್ಲಿ ಇಡೀ ಒಕ್ಕ (ಮನೆತನ) ಕೂತಿರುತ್ತದೆ. ಆಗ ಅವನು ತನ್ನ ಮಣಿಕಟ್ಟನ್ನೇ ಗಮನಿಸತೊಡಗುತ್ತಾನೆ. ತಾನಾಗಿ ಆಗುತ್ತಿದ್ದ ಕೆಲಸ ತುಂಡು ತುಂಡಾಗುತ್ತದೆ. ಇದಕ್ಕೂ ಹೇಡಿತನಕ್ಕೂ ಸಂಬಂಧ ಇಲ್ಲ. ರಿಯೊ ಒಲಿಂಪಿಕ್ಸ್‌ನಲ್ಲಿ 4 ಚಿನ್ನ ಗೆದ್ದಿದ್ದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್, 2021ರಲ್ಲಿ ಟೋಕಿಯೊದ ತಂಡದ ಫೈನಲ್‌ನಿಂದ ಅರ್ಧಕ್ಕೇ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ಮೈ ಎಲ್ಲಿದೆ ಅನ್ನೋದೇ ಅವರಿಗೆ ತಿಳಿಯುತ್ತಿರಲಿಲ್ಲ. ಪ್ಯಾರಿಸ್‌ನಲ್ಲಿ ಮತ್ತೆ 3 ಚಿನ್ನ ಗೆದ್ದರು. ಗುಂಡಿಗೆ ಇಲ್ಲದವರು ಅಂತೀರಾ?